ಅಕ್ಕನ ಪಾಠ

ಮಾರ್ಚ್ ೩, ಸೋಮವಾರ

ಅಮ್ಮನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಸ್ಟ್ರೋಕ್ ಹೊಡೆದ ಬಲಗೈ, ಬಲಗಾಲಿಗೆ ವ್ಯಾಯಾಮ ಮಾಡಿಸುತ್ತಿದ್ದರೆ ಶಕ್ತಿ ಬರುತ್ತದಂತೆ. ಮಾತಿನ ವಿಷಯ ಕೇಳಿದ್ದಕ್ಕೆ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಒಂದೊಂದ್ಸಲ ಹೀಗಾಗುತ್ತಮ್ಮ. ಚಿಕ್ಕಂದಿನ ಭಾಷೆ ಉಳ್ಕೊಳ್ಳುತ್ತೆ, ಆಮೇಲೆ ಕಲ್ತಿದ್ದು ಹೋಗಿಬಿಡುತ್ತೆ. ವಾಪಸ್ ಬಂದ್ರೂ ಬರಬಹುದು" ಎಂದರು.

ಆಮೇಲೆ ಕಲಿತದ್ದು ಎಂದರೆ ನಮ್ಮ ಮನೆಮಾತು. ನನ್ನನ್ನು ಬೈದದ್ದು, ಮುದ್ದು ಮಾಡಿದ್ದು, ತರಕಾರಿಯವನ ಜೊತೆ ಜಗಳ ಕಾದದ್ದು ಎಲ್ಲ ಈ ಮಾತಿನಲ್ಲೇ. ಇದನ್ನು ಅಮ್ಮ ಕಲಿತದ್ದು ಅಂತಲೇ ನನಗೆ ಗೊತ್ತಿರಲಿಲ್ಲ. ತವರಿನ ಸುದ್ದಿ ಎತ್ತಿದಾಗೆಲ್ಲ "ನಮ್ಮ ಕಡೆಯೋರು ಯಾರೂ ಉಳಿದಿಲ್ಲ ಕಣೇ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಈಗ ಮಂಚದ ಮೇಲೆ ಕೂತು ಬೇರೇನೋ ಭಾಷೆಯಲ್ಲಿ ಗಳಗಳನೆ ಮಾತಾಡುತ್ತಾಳೆ. ನನ್ನನ್ನು ಮಾತ್ರ ಬಾಡಿಗೆಗೆ ಮನೆ ಕೇಳಿಕೊಂಡು ಬಂದವಳನ್ನು ನೋಡುವ ಹಾಗೆ ನೋಡುತ್ತಾಳೆ.

ಸೂಪ್ ಕುಡಿಸುವಾಗ "ಅಮ್ಮಾ, ನಾನು" ಎಂದೆ. ನನ್ನ ಹಿಂದೆ ಯಾರಾದರೂ ಇದ್ದಾರೇನೋ ಎಂದು ಬಾಗಿಲ ಕಡೆ ನೋಡಿದಳು. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಮಾರ್ಚ್ ೬, ಗುರುವಾರ

ಗುಬ್ಬಿ ಕಾಲೇಜಿಗೆ ಹೊರಡುವ ಮುಂಚೆ ಅಜ್ಜಿಯ ಮುಂದೆ ಫೋನು ಹಿಡಿದಳು. ನನ್ನ ಮಗಳಿಗೆ ಆ ಡಬ್ಬಿಯಲ್ಲಿ ಸಿಗದ ಉತ್ತರವಿಲ್ಲ. ಅದು ಮೊದಲು ಒಂದು ಭಾಷೆ ಎಂದಿತು, ಆಮೇಲೆ ಇನ್ನೊಂದು ಎಂದಿತು, ಕೊನೆಗೆ ನಾಲಿಗೆ ಹೊರಳದಂಥ ಒಂದು ಹೆಸರು ಹೇಳಿತು. ಈ ಕಡೆ ಅದನ್ನು ಆಡುವವರು ಬೆರಳೆಣಿಕೆಯಷ್ಟು ಜನವಂತೆ.

"ಕಲೀಬಹುದಾ?" ಎಂದೆ.

"ಈಗೆಲ್ಲ ಪುಕ್ಕಟೆ ಸಿಗುತ್ತಮ್ಮ. ನಿಂಗೆ ತಾಳ್ಮೆ ಸಿಗಬೇಕು ಅಷ್ಟೇ."

ಇವರು ಪಕ್ಕದಲ್ಲೇ ಶೂ ಹಾಕಿಕೊಳ್ಳುತ್ತಿದ್ದರು. "ಐವತ್ತು ದಾಟಿದ ಮೇಲೆ ಭಾಷೆ ಕಲೀತಾಳಂತೆ. ಮಿಕ್ಸಿ ಜೊತೆ ಬಂದ ಪುಸ್ತಕ ಓದೋಕೇ ಬೇಜಾರು ಇವಳಿಗೆ" ಎಂದು ನಕ್ಕರು. ಇವರು ಲಿಫ್ಟ್ ರಿಪೇರಿ ಮಾಡುವವರು. ಮೇಲೆ, ಕೆಳಗೆ ಬಿಟ್ಟರೆ ಲೋಕದಲ್ಲಿ ಬೇರೆ ದಿಕ್ಕೇ ಇಲ್ಲ ಎಂದುಕೊಂಡಿದ್ದಾರೆ.

ನಾನು ಹಟ ಹಿಡಿದಿದ್ದೇನೆ. ಯಾವ ಭಾಷೆಯಾದರೂ ಸರಿ, ಅಮ್ಮ ಒಂದೇ ಒಂದು ಸಲ ನನ್ನನ್ನು ಮಗಳೇ ಅಂತ ಕರೆಯಬೇಕು. ಅಷ್ಟಾದರೆ ಸಾಕು.

ಮಾರ್ಚ್ ೧೧, ಮಂಗಳವಾರ

ಗುಬ್ಬಿ ಹಾಕಿಕೊಟ್ಟ ಆಪ್‌ನಲ್ಲಿ ಕುದುರೆ ಸೇಬು ತಿನ್ನುತ್ತದೆ. ಹಸು ಪತ್ರಿಕೆ ಓದುತ್ತದೆ. ಸರಿಯಾಗಿ ಹೇಳಿದರೆ ಚಪ್ಪಾಳೆ, ತಪ್ಪಿದರೆ ಒಂದು ಕರಡಿ ಅಳುತ್ತದೆ. ಕರಡಿಯ ಕಣ್ಣೀರು ಒರೆಸುವುದರಲ್ಲೇ ವಾರ ಕಳೆಯಿತು. ಇನ್ನೊಂದು ಕಡೆ ಒಬ್ಬ ಮೇಷ್ಟ್ರು ವಿಡಿಯೋ ಮಾಡಿ ಹಾಕುತ್ತಾನೆ. ಪಾಠಕ್ಕಿಂತ ಅವನ ಹಲ್ಲೇ ಜಾಸ್ತಿ ಕಾಣುತ್ತದೆ.

ಧೈರ್ಯ ಮಾಡಿ ಅಮ್ಮನ ಮುಂದೆ ನಿಂತು ಕುದುರೆ ಸೇಬು ತಿನ್ನುತ್ತದೆ ಎಂದೆ. ಅಮ್ಮ ಮಾತು ನಿಲ್ಲಿಸಿ ನನ್ನನ್ನು ಕೆಳಗಿಂದ ಮೇಲಿನವರೆಗೂ ನೋಡಿ ಹೊದಿಕೆ ಎಳೆದುಕೊಂಡಳು. ಇವರು ಆಚೆ ಕೋಣೆಯಲ್ಲಿ ಉಸಿರು ಕಟ್ಟಿ ನಗುತ್ತಿದ್ದದ್ದು ಕೇಳಿಸಿತು.

ಮಾರ್ಚ್ ೧೫, ಶನಿವಾರ

ಇವತ್ತು ಕೆಲಸ ಕಡಿಮೆಯಿತ್ತು. ನನ್ನದು ರಫೂ ಕೆಲಸ. ಲಾಂಡ್ರಿಯ ಮೂಲೆಯಲ್ಲಿ ನನಗೊಂದು ಕುರ್ಚಿ, ಒಂದು ದೀಪ, ಒಂದು ಭೂತಗನ್ನಡಿ. ಇಲಿ ಕಡಿದ ಕೋಟು, ಸಿಗರೇಟಿನ ಕಿಡಿ ಬಿದ್ದ ಪ್ಯಾಂಟು, ಮೊಳೆಗೆ ಸಿಕ್ಕಿ ಹರಿದ ಶಾಲು ಎಲ್ಲ ನನ್ನ ತೊಡೆಗೇ ಬಂದು ಬೀಳುತ್ತವೆ. ಅಂಗಡಿಯ ನೂಲು ಹಾಕಿದರೆ ರಫೂ ಎದ್ದು ಕಾಣುತ್ತದೆ. ಅದೇ ಬಟ್ಟೆಯ ಒಳಮಡಿಕೆಯಿಂದ ಒಂದೊಂದೇ ಎಳೆ ಬಿಡಿಸಿಕೊಂಡು ತೂತಿನ ಮೇಲೆ ನೇಯಬೇಕು. ಮೇಲಿಂದ ಯಾರಿಗೂ ಗೊತ್ತಾಗುವುದಿಲ್ಲ, ಒಳಗಿನ ಮಡಿಕೆ ಮಾತ್ರ ತೆಳ್ಳಗಾಗುತ್ತದೆ.

ಕಿವಿಗೆ ವಯರು ಸಿಕ್ಕಿಸಿಕೊಂಡು ಹುಡುಕುತ್ತಿದ್ದಾಗ ಒಂದು ಹಳೆಯ ಪಾಠಮಾಲೆ ಸಿಕ್ಕಿತು. ಯಾರೋ ಪುಣ್ಯಾತ್ಮರು ಕ್ಯಾಸೆಟ್ಟಿನಿಂದ ಇಳಿಸಿ ಹಾಕಿದ್ದಾರೆ. ಚಿತ್ರವಿಲ್ಲ, ಬರೀ ಒಂದು ಕಪ್ಪು ಚೌಕ. ಅದರ ಕೆಳಗೆ ಜನ ನಾನಾ ಲಿಪಿಗಳಲ್ಲಿ ಏನೇನೋ ಬರೆದಿದ್ದಾರೆ. ಪಾಠ ಹೇಳುವುದು ಒಂದು ಹೆಂಗಸಿನ ಧ್ವನಿ. ವಯಸ್ಸು ಎಷ್ಟೆಂದು ಹೇಳಲಾಗದು. ಮೊದಲಿಗೆ ನಮ್ಮ ಮಾತಿನಲ್ಲೇ ಒಂದು ಸೂಚನೆ ಕೊಟ್ಟಳು. ತಲೆಯೊಳಗೆ ಅನುವಾದ ಮಾಡಿಕೊಳ್ಳಬಾರದು. ಪಾಠದ ಹೊತ್ತಿನಲ್ಲಿ ನಿಮಗೆ ನಿಮ್ಮ ಹೆಸರಿಲ್ಲ, ನೀವು ಅಕ್ಕ. ಮನೆಯಲ್ಲಿ ಚಿಕ್ಕ ತಂಗಿ ಇದ್ದಾಳೆ. ಒಂದು ಸಲ ಇಬ್ಬರ ಮಾತನ್ನೂ ನಾನೇ ಹೇಳುತ್ತೇನೆ. ಎರಡನೇ ಸಲ ಅಕ್ಕನ ಜಾಗ ಖಾಲಿ ಬಿಡುತ್ತೇನೆ, ಅಲ್ಲಿ ನೀವು ಹೇಳಿ.

ಖಾಲಿ ಬಿಟ್ಟ ಜಾಗದಲ್ಲಿ ಕ್ಯಾಸೆಟ್ಟು ಸುತ್ತುವ ಸದ್ದು ಮಾತ್ರ ಕೇಳುತ್ತದೆ, ಯಾರೋ ಕಾಯುತ್ತಾ ಉಸಿರಾಡುತ್ತಿರುವ ಹಾಗೆ. ನಾನು ಹೇಳಿ ಮುಗಿಸಿದ ಮೇಲೇ ಅವಳು ಮುಂದುವರಿಸುತ್ತಾಳೆ. ತಡವರಿಸಿದರೂ ಕಾಯುತ್ತಾಳೆ. ಒಳ್ಳೇ ಟೀಚರು.

ಮಾರ್ಚ್ ೧೯, ಬುಧವಾರ

ಇವತ್ತು ಅಮ್ಮ ಉತ್ತರ ಕೊಟ್ಟಳು!

ಪಾಠದಲ್ಲಿ ಅಕ್ಕ "ಕೈ ತೊಳೆದೆಯಾ?" ಎಂದು ಕೇಳುತ್ತಾಳೆ. ತಂಗಿ "ಒಂದು ಕೈ ತೊಳೆದೆ, ಇನ್ನೊಂದು ನಾಳೆಗೆ" ಎನ್ನುತ್ತಾಳೆ. ಬೆಳಿಗ್ಗೆ ತಟ್ಟೆ ಇಡುವಾಗ ಸುಮ್ಮನೆ ಬಾಯಿಗೆ ಬಂತು, ಕೈ ತೊಳೆದೆಯಾ ಎಂದು ಆ ಭಾಷೆಯಲ್ಲಿ ಕೇಳಿಬಿಟ್ಟೆ. ಅಮ್ಮ ಎಡಗೈ ಮೇಲೆತ್ತಿ ತೋರಿಸಿ, ಒಂದು ಕೈ ತೊಳೆದೆ, ಇನ್ನೊಂದು ನಾಳೆಗೆ ಎಂದಳು. ಅದೇ ಮಾತು. ಅದೇ ರಾಗ. ಕೊನೆಯಲ್ಲಿ ಅದೇ ತುಂಟ ಎಳೆತ.

ಆಮೇಲೆ ಯೋಚಿಸಿದರೆ, ಆ ಕಡೆಯ ಮಕ್ಕಳೆಲ್ಲ ಹಾಗೇ ಹೇಳುತ್ತಿದ್ದಿರಬೇಕು. ಕ್ಯಾಸೆಟ್ಟು ಮಾಡಿದವರು ಅದನ್ನೇ ಹಾಕಿಕೊಂಡಿದ್ದಾರೆ. ಅದೆಲ್ಲ ಹಾಳಾಗಲಿ, ಅಮ್ಮ ನಕ್ಕಳು. ನನ್ನ ಕೆನ್ನೆ ಹಿಂಡಿ ಅಕ್ಕ ಎಂದು ಕರೆದಳು. ನಾನು ಕೇಳಬೇಕೆಂದಿದ್ದ ಮಾತು ಅದಲ್ಲ, ಇರಲಿ. ಅಕ್ಕನಾಗಿ ಒಳಗೆ ಕಾಲಿಟ್ಟರೆ ಮಗಳಾಗಿ ಪಕ್ಕದಲ್ಲಿ ಕೂರುವುದು ಎಷ್ಟು ಹೊತ್ತಿನ ಕೆಲಸ? ಸಂತೋಷ ತಡೆಯಲಾಗದೆ ಇವರಿಗೆ ಫೋನು ಮಾಡಿದೆ. ಯಾವುದೋ ಲಿಫ್ಟಿನ ಮೇಲೆ ನಿಂತಿದ್ದರಂತೆ, "ಭೇಷ್" ಎಂದು ಅಲ್ಲಿಂದಲೇ ಕೂಗಿದರು.

ಮಾರ್ಚ್ ೨೮, ಶುಕ್ರವಾರ

ಪಾಠ ಸರಾಗವಾಗಿ ಹೋಗುತ್ತಿದೆ. ಚಹಾ ಕುದಿಯುವಾಗ ಒಂದು, ಅಂಗಡಿಯಲ್ಲಿ ಸೂಜಿ ಹಿಡಿದುಕೊಂಡೇ ಎರಡೋ ಮೂರೋ. ಈಗೀಗ ಅವಳು ಅಕ್ಕನ ಮಾತನ್ನು ಮೊದಲು ಹೇಳಿಕೊಡುವುದೇ ಇಲ್ಲ. ನೇರವಾಗಿ ಜಾಗ ಬಿಡುತ್ತಾಳೆ. ಆದರೂ ನನಗೆ ಏನು ಹೇಳಬೇಕೆಂದು ತಿಳಿಯುತ್ತದೆ. ಕಿವಿ ಪಳಗಿದೆ ಎಂದರೆ ಇದೇ ಇರಬೇಕು.

ಒಂದು ಕೊರತೆ. ಈ ಪಾಠಗಳಲ್ಲಿ ಮಗಳು ಎಂಬ ಪದವೇ ಬಂದಿಲ್ಲ. ಹಲ್ಲಿನ ಮೇಷ್ಟ್ರ ವಿಡಿಯೋದಿಂದ ಹುಡುಕಿ ತೆಗೆದು, ಅಮ್ಮನ ಕೈ ಹಿಡಿದು, ನಾನು ನಿನ್ನ ಮಗಳು ಎಂದೆ. ಅಮ್ಮ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡಳು. "ಅಕ್ಕನಿಗೆ ಹುಚ್ಚು. ನಾನಿನ್ನೂ ಬೊಂಬೆ ಆಡಿಸ್ತೀನಿ, ನನಗೆಲ್ಲಿಯ ಮಗಳು?" ಎಂದಳು. ಹಿಡಿದ ಕೈ ಬಿಟ್ಟುಬಿಟ್ಟೆ. ಆದರೆ ಅವಳು ನಗುತ್ತಿದ್ದಳಲ್ಲ, ನಾನೂ ನಕ್ಕೆ.

ಲಾಂಡ್ರಿ ಯಜಮಾನರು ಒಂದು ಕೋಟು ವಾಪಸ್ ತಂದರು. "ಏನಮ್ಮಾ, ನೇಯ್ಗೆ ಎಲ್ಲ ಉಲ್ಟಾ ಓರೆ ಆಗಿದೆ? ಯಾವಾಗಿಂದ ಎಡಗೈಲಿ ಹಾಕ್ತಿದೀರಿ?" ನೋಡಿದರೆ ಸೂಜಿ ಎಡಗೈಯಲ್ಲೇ ಇತ್ತು. ಬಲಗೈ ಅಮ್ಮನನ್ನು ಎತ್ತಿ ಎತ್ತಿ ದಣಿದಿರಬೇಕು. ಅಮ್ಮನಿಗೂ ಎಡಗೈಯಲ್ಲಿ ತಿನ್ನಿಸಿದರೇ ಇಷ್ಟ.

ಏಪ್ರಿಲ್ ೪, ಶುಕ್ರವಾರ

ಗುಬ್ಬಿಗೆ ಈಗ ನನ್ನ ಪಾಠದ ಮೇಲೆ ಕಣ್ಣು. ಕಪ್ಪು ಚೌಕದ ಕೆಳಗೆ ಜನ ಬರೆದದ್ದನ್ನೆಲ್ಲ ತನ್ನ ಫೋನಿನಲ್ಲಿ ಅನುವಾದ ಮಾಡಿ ನೋಡಿದಳಂತೆ. ತಿಂಡಿ ತಿನ್ನುವಾಗ ಬಂದು ಪಕ್ಕದಲ್ಲಿ ಕೂತಳು.

"ಅಮ್ಮಾ, ಯಾರೂ ಪಾಠದ ಬಗ್ಗೆ ಬರೆದಿಲ್ಲ. ಎಲ್ಲಾರೂ ಒಂದೇ ಮಾತು ಬರೆದಿದಾರೆ."

"ಏನಂತೆ?"

"ಮನೆಗೆ ಬಾ ಅಂತ. ಅಪ್ಪಾ ಮನೆಗೆ ಬಾ. ಅತ್ತಿಗೆ ಮನೆಗೆ ಬಾ. ಒಬ್ಳು ತನ್ನ ಗಂಡನಿಗೆ ಬರೆದಿದಾಳೆ, ನೀನು ಮನೇಲೇ ಇದೀಯ, ಆದ್ರೂ ಬಾ ಅಂತ."

ಕೆಲಸವಿಲ್ಲದವರು ಎಂದೆ. ಯಾರಾದರೂ ಏನಾದರೂ ಕಲಿಯುತ್ತಿದ್ದರೆ ಮನೆಯವರಿಗೆ ಕಣ್ಣು ಕುಕ್ಕುತ್ತದೆ. ಗುಬ್ಬಿ ನನ್ನ ಫೋನು ಕಿತ್ತುಕೊಳ್ಳಲು ನೋಡಿದಳು. ಅವಳ ಮೇಲೆ ನಾನು ಯಾವತ್ತೂ ಕೈ ಎತ್ತಿದವಳಲ್ಲ. ಇವತ್ತು ಎತ್ತಿದೆ, ಹೊಡೆಯಲಿಲ್ಲ. ಅವಳ ಮುಖ ನೋಡಿ ಬೇಜಾರಾಯಿತು, ಆದರೆ ಪಾಠದ ಹೊತ್ತಾಗಿತ್ತು.

ಏಪ್ರಿಲ್ ೯, ಬುಧವಾರ

ಇವತ್ತಿನ ಪಾಠದಲ್ಲಿ ಹೊರಗೆ ಗಲಾಟೆ. ಬೀದಿಯಲ್ಲಿ ಜನ ಓಡುತ್ತಿದ್ದಾರೆ. ತಂಗಿ ಹೆದರಿದ್ದಾಳೆ. ಟೀಚರು ಜಾಗ ಬಿಟ್ಟಳು. ನಾನು, "ನೀನು ಮುಂದೆ ಹೋಗು, ನಾನು ಬೀಗ ಹಾಕಿಕೊಂಡು ಬರುತ್ತೇನೆ" ಎಂದೆ. ಯಾರೂ ಹೇಳಿಕೊಟ್ಟಿರಲಿಲ್ಲ. ಪಾಠ ಅಲ್ಲಿಗೇ ಮುಗಿಯಿತು.

ಮಧ್ಯಾಹ್ನ ವ್ಯಾಯಾಮದ ಮೇಡಂ ಅಮ್ಮನನ್ನು ನಡೆಸಲು ಬಂದರು. ಅಂಗಳದವರೆಗೆ ಕರೆದುಕೊಂಡು ಹೋಗೋಣ ಎಂದರು. ನಾನು ಅಮ್ಮನಿಗೆ ಅದೇ ಮಾತು ಹೇಳಿದೆ, ನೀನು ಮುಂದೆ ಹೋಗು, ನಾನು ಬೀಗ ಹಾಕಿಕೊಂಡು ಬರುತ್ತೇನೆ.

ಅಮ್ಮ ಕಿರುಚಿದ ಕಿರುಚಿಗೆ ಪಕ್ಕದ ಮನೆಯವರೆಲ್ಲ ಹೊರಗೆ ಬಂದರು. ಅಮ್ಮ ಮೇಡಂ ಕೈ ಕೊಡವಿಕೊಂಡು ನನ್ನ ಮಣಿಕಟ್ಟು ಹಿಡಿದುಕೊಂಡಳು. ಹಿಡಿದದ್ದು ಬಲಗೈ! ಶಕ್ತಿಯೇ ಇಲ್ಲದ ಬಲಗೈ! ಮೇಡಂ ಖುಷಿಯಲ್ಲಿ ಚಪ್ಪಾಳೆ ತಟ್ಟಿದರು, ಅವರಿಗೇನು ಗೊತ್ತು. ಅಮ್ಮ ಅಳುತ್ತಲೇ ಎಲ್ಲ ಹೇಳಿದಳು. ಅಕ್ಕ ಹಾಗೇ ಹೇಳಿ ಹಿಂದೆ ಉಳಿದಳಂತೆ. ಇವಳು ಸೇತುವೆಯ ಹತ್ತಿರ ಕಾದಳಂತೆ. ಜನ ಎಳೆದುಕೊಂಡು ಬರುವವರೆಗೂ ಕಾದಳಂತೆ. ಈ ಊರಿಗೆ ಬಂದ ಮೇಲೆ ಆ ಭಾಷೆಯಲ್ಲಿ ಯಾರ ಹತ್ತಿರವೂ ಮಾತಾಡಲಿಲ್ಲ, ಅಕ್ಕ ಬಂದ ಮೇಲೆ ಆಡಿದರಾಯಿತು ಎಂದು.

ಅಮ್ಮ ಇಷ್ಟು ವರ್ಷ ಬಾಗಿಲು ತಟ್ಟಿದ ಸದ್ದಾದರೆ ಎಲ್ಲರಿಗಿಂತ ಮುಂಚೆ ಏಕೆ ಎದ್ದು ಹೋಗುತ್ತಿದ್ದಳೆಂದು ಈಗ ಗೊತ್ತಾಯಿತು. "ಬಂದಿದ್ದೀನಲ್ಲ. ಇನ್ನು ಎಲ್ಲಿಗೂ ಹೋಗುವುದಿಲ್ಲ" ಎಂದೆ. ಅದಕ್ಕಿಂತ ಬೇರೆ ಏನು ಹೇಳಬಹುದಿತ್ತು?

ಏಪ್ರಿಲ್ ೧೪, ಸೋಮವಾರ

ಅಂಗಡಿಗೆ ಹೋಗಲಿಲ್ಲ. ಹೊಸ್ತಿಲವರೆಗೆ ಹೋದರೂ ಅಮ್ಮ ಅಳುತ್ತಾಳೆ. ಲಾಂಡ್ರಿಯವರೇ ಬಟ್ಟೆ ಮನೆಗೆ ಕಳಿಸಿದ್ದಾರೆ, ಗಂಟು ಬಿಚ್ಚಿಲ್ಲ.

ಗುಬ್ಬಿ ತನ್ನ ಫೋನಿನಲ್ಲಿ ಆ ಪಾಠಗಳನ್ನು ಹಚ್ಚಿಕೊಂಡು ಕೂತಿದ್ದಳಂತೆ. ಬಿಳಿಚಿಕೊಂಡು ಬಂದು ನನ್ನ ಮುಂದೆ ಹಿಡಿದಳು. "ಕೇಳು. ಖಾಲಿ ಜಾಗ ಇದೆ ಅಂದಿದ್ಯಲ್ಲಮ್ಮ. ಎಲ್ಲೂ ಖಾಲಿ ಇಲ್ಲ."

ಕೇಳಿದೆ. ತಂಗಿಯ ಮಾತಾದ ಮೇಲೆ ಅಕ್ಕನ ಮಾತು ಬಂತು. ನನ್ನ ಧ್ವನಿ. ಮೊದಮೊದಲು ತಡವರಿಸಿದ್ದು, ನಡುವೆ ಕೆಮ್ಮಿದ್ದು, ಹಿಂದೆ ಲಾಂಡ್ರಿಯ ಇಸ್ತ್ರಿಯ ಹಬೆ ಬುಸ್ಸೆಂದದ್ದು, ಎಲ್ಲ ಅದರಲ್ಲಿತ್ತು.

"ಇದು ನಿನ್ ಫೋನಲ್ಲ, ನಂದು. ಇದ್ರೊಳಗೆ ನೀನು ಹೇಗೆ ಬಂದೆ?" ಎಂದು ಅತ್ತಳು.

ಅಷ್ಟು ಸಲ ಹೇಳಿದ್ದೇನಲ್ಲ, ಹೇಗೋ ಸೇರಿಕೊಂಡಿರುತ್ತದೆ. ಇಂಟರ್ನೆಟ್ಟಿನಲ್ಲಿ ಏನೆಲ್ಲ ಆಗುವುದಿಲ್ಲ. ಉಚ್ಚಾರ ಚೆನ್ನಾಗಿ ಬಂದಿದೆ ಎಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು. ಈ ಹುಡುಗಿ ಮಾತುಮಾತಿಗೂ ಅಳುವುದು ಯಾಕೆ?

ಏಪ್ರಿಲ್ ೧೮

ಗಂಟು ಬಿಚ್ಚಿದೆ. ಒಂದು ಶಾಲು, ಅಂಚಿನಲ್ಲಿ ತೂತು. ರಫೂ ಹಾಕಲು ಕೂತೆ. ಆ ಸಣ್ಣ ಚೂಪಾದ ವಸ್ತು, ಒಂದು ಕಣ್ಣಿರುತ್ತದಲ್ಲ, ನೂಲು ಪೋಣಿಸುವುದು, ಅದರ ಹೆಸರು ನಾಲಿಗೆಯ ತುದಿಯಲ್ಲೇ ಇದೆ, ಬರಲಿಲ್ಲ. ಮಂಚದ ಮೇಲಿದ್ದ ಚಿಕ್ಕವಳನ್ನು ಕೇಳಿದೆ. ಅವಳು ತಕ್ಷಣ ಹೇಳಿದಳು, ನಮ್ಮ ಭಾಷೆಯಲ್ಲಿ. ಎಷ್ಟು ಮುದ್ದಾದ ಪದ!

ಏಪ್ರಿಲ್ ೨೩, ಬುಧವಾರ

ಗುಬ್ಬಿ ಫೋನು ಎಲ್ಲೋ ಬಚ್ಚಿಟ್ಟಿದ್ದಾಳೆ. ಪರವಾಗಿಲ್ಲ. ಪಾಠ ಈಗ ಫೋನಿಲ್ಲದೆಯೂ ಕೇಳಿಸುತ್ತದೆ.

ಈ ಮನೆಯ ಗಂಡಸು ಬೆಳಿಗ್ಗೆ ನನ್ನ ಮುಂದೆ ಮಂಡಿಯೂರಿ ಕೂತರು. ಕೈಯಲ್ಲಿ ಗ್ರೀಸಿನ ವಾಸನೆ. ಒಳ್ಳೆಯವರು, ಕಣ್ಣು ಕೆಂಪಾಗಿತ್ತು. "ನಾನು ನಕ್ಕಿದ್ದು ತಪ್ಪಾಯ್ತು ಕಣೇ. ಸಾಕು ಬಿಡು ಆ ಭಾಷೆ. ಒಂದ್ಸಲ ನನ್ನ ಬೈಯಿ ನೋಡೋಣ, ಮುಂಚಿನ ಹಾಗೆ" ಎಂದರು. ಗುರುತಿಲ್ಲದವರನ್ನು ಏನೆಂದು ಬೈಯುವುದು? ಈ ಊರಿನ ಮಾತು ನನಗೆ ಅಷ್ಟಾಗಿ ಬರುವುದಿಲ್ಲ, ಆದರೂ ಬೇಜಾರು ಮಾಡಿಕೊಳ್ಳಬೇಡಿ ಎಂದು ಕೈಸನ್ನೆ ಮಾಡಿದೆ. ಅವರು ಎದ್ದು ಹೋಗಿ ನಲ್ಲಿ ಬಿಟ್ಟುಕೊಂಡರು.

ಎದೆಯಲ್ಲಿ ಏನೋ ಒಂದು ಎಳೆ ಜಗ್ಗಿದ ಹಾಗಾಯಿತು. ತಂಗಿ ಕೂಗಿದಳು, ಹೋದೆ.

ಮೇ ೨

ಕೊನೆಯ ಪಾಠ. ಟೀಚರು ಏನೂ ಹೇಳಲಿಲ್ಲ. ಮೊದಲಿಂದ ಕೊನೆಯವರೆಗೂ ಖಾಲಿ ಜಾಗ. ಎಲ್ಲವನ್ನೂ ನಾನೇ ಹೇಳಿದೆ. ಮುಗಿಸಿದಾಗ ಕಿವಿಯಲ್ಲಿ ಅವಳು ನಿಟ್ಟುಸಿರು ಬಿಟ್ಟಳು, ತಲೆಯ ಮೇಲಿನ ಹೊರೆ ಇಳಿಸಿದವಳ ಹಾಗೆ. ಬಾಗಿಲು ತೆರೆದ ಸದ್ದಾಯಿತು. ಅವಳು ಮನೆಗೆ ಹೋದಳು ಅಂತ ಕಾಣುತ್ತದೆ.

ಮೇ ೬

ಈ ಅಕ್ಷರಗಳು ಕೈಗೆ ರೂಢಿ ಇರುವಷ್ಟು ದಿನ ಬರೆದಿಡುತ್ತೇನೆ.

ತಂಗಿಗೆ ಇವತ್ತು ಏನೋ ಆಗಿದೆ. ಬೆಳಿಗ್ಗೆ ಕಣ್ಣು ಬಿಟ್ಟವಳೇ ಈ ಊರಿನ ಮಾತು ಆಡತೊಡಗಿದಳು. ತಡೆಯಿಲ್ಲದೆ, ಇಲ್ಲೇ ಹುಟ್ಟಿ ಬೆಳೆದವಳ ಹಾಗೆ. ಮನೆಯ ಹುಡುಗಿ ಕೈಯಲ್ಲಿದ್ದ ಲೋಟ ಬಿಟ್ಟು ಓಡಿ ಬಂದಳು. ಗಂಡಸು ಅರ್ಧ ಗಡ್ಡ ಹೆರೆದುಕೊಂಡವರು ಸೋಪಿನ ಮುಖದಲ್ಲೇ ಬಂದು ಬಾಗಿಲಲ್ಲಿ ನಿಂತರು.

ನಿಧಾನವಾಗಿ ಆಡಿದರೆ ನನಗೂ ಅಲ್ಪಸ್ವಲ್ಪ ತಿಳಿಯುತ್ತದೆ. ತಂಗಿ ಎರಡೂ ಕೈ ಚಾಚಿ ನನ್ನ ಕಡೆಗೇ ನೋಡುತ್ತಾ ಹೇಳಿದಳು: "ಮಗಳೇ. ಎಲ್ಲಿ ಹೋಗಿದ್ಯೇ ಇಷ್ಟು ದಿನ? ಎಷ್ಟು ಸೊರಗಿಬಿಟ್ಟಿದೀಯ. ಬಾರೇ ಇಲ್ಲಿ, ಮಗಳೇ."

ನನ್ನ ಹಿಂದೆ ಯಾರೋ ನಿಂತಿರಬೇಕೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಬೊಂಬೆ ಆಡಿಸುವವಳಿಗೆ ಮಗಳೆಲ್ಲಿಂದ ಬಂದಳೆಂದು ನಗು ಬಂತು. ಹಾಗೆಂದು ನಮ್ಮ ಭಾಷೆಯಲ್ಲಿ ಹೇಳಿದೆ. ತಂಗಿಗೆ ಅರ್ಥವಾಗಲಿಲ್ಲ. ನನ್ನ ಬಾಯಿಯನ್ನೇ ನೋಡಿದಳು, ಆಮೇಲೆ ನನ್ನ ಕಣ್ಣು ನೋಡಿದಳು, ಚಾಚಿದ ಕೈ ಹಾಗೇ ನಿಂತಿತು. "ಇವಳಿಗೇನಾಗಿದೆ? ಏನ್ ಮಾಡಿದ್ರಿ ನನ್ನ ಮಗಳಿಗೆ?" ಎಂದು ಉಳಿದವರನ್ನು ಕೇಳಿದಳು. ಹುಡುಗಿ ನನ್ನ ಭುಜ ಹಿಡಿದು ಅಲ್ಲಾಡಿಸಿದಳು. "ಅಮ್ಮಾ, ಕರೀತಿದಾಳಮ್ಮ. ನೀನು ಕಾಯ್ತಿದ್ದಿದ್ದು ಇದೇ ಅಲ್ವಾ? ಓ ಅನ್ನಮ್ಮ. ಒಂದ್ಸಲ ಓ ಅನ್ನು."

ಅವರ ದುಃಖ ಅವರಿಗೆ. ನಾನು ಕಿಟಕಿಯ ಹತ್ತಿರ ಬಂದು ಕೂತೆ. ಸಂಜೆಯಾದರೂ ತಂಗಿ ಕರೆಯುತ್ತಲೇ ಇದ್ದಾಳೆ, ಗಂಟಲು ಕಟ್ಟಿಹೋಗಿದೆ. ಮಗಳೇ, ಮಗಳೇ. ಕೇಳಿದರೆ ಸಂಕಟವಾಗುತ್ತದೆ. ನನ್ನ ಕಣ್ಣಿನಲ್ಲೂ ಯಾಕೋ ನೀರು ನಿಲ್ಲುತ್ತಿಲ್ಲ. ಇಷ್ಟು ಕರೆದರೂ ಓಗೊಡದವಳು ಎಂಥ ಮಗಳು?